ಯಾವ ಜನಾಂಗ ನೀವು?

ಇಂಗ್ಲಿಷಿನ ‘ರೇಸ್’ ಎಂಬ ಪದಕ್ಕೆ ನಮ್ಮ ಪಠ್ಯಪುಸ್ತಕಗಳು ‘ಜನಾಂಗ’ ಎಂದು ಬರೆಯುತ್ತವೆ. ಅಮೆರಿಕದ ಕರಿಯರ ಪಾಠ ಬಂದಾಗ, ದಕ್ಷಿಣ ಆಫ್ರಿಕದ ಪಾಠ ಬಂದಾಗ, ಹಿಟ್ಲರ್ ಕೊಂದ ಯಹೂದಿಗಳ ಪಾಠ ಬಂದಾಗ ಮೇಷ್ಟ್ರು ‘ಜನಾಂಗದ್ವೇಷ’ ಎಂದು ಹಲಗೆ ಮೇಲೆ ಬರೆಯುತ್ತಾರೆ, ಹುಡುಗರು ನೋಟ್ಸ್ ಬರೆದುಕೊಳ್ಳುತ್ತಾರೆ. ಅದೇ ಹುಡುಗ ಶಾಲೆ ಬಿಟ್ಟು ಊರ ಹೋಟೆಲಿನ ಮುಂದೆ ನಿಂತರೆ ಆ ಪದದ ಅರ್ಥವೇ ಬೇರೆ. ‘ಯಾವ್ ಜನಾಂಗ್ವಪ್ಪಾ ನೀವು?’ ಹಾಗಂದರೆ ಜಾತಿ ಯಾವುದು ಎಂದು. ಜಾತಿ ಎಂದು ಬಾಯಿಬಿಟ್ಟು ಕೇಳಲು ನಾಚುವ ವಿದ್ಯಾವಂತರು ಕಂಡುಕೊಂಡ ಮರ್ಯಾದೆಯ ಮಾತು ಇದು. ಪೇಟೆಯಲ್ಲಿ ಬಾಡಿಗೆ ಮನೆ ಹುಡುಕಿ ಹೊರಟವರಿಗೆಲ್ಲ ಇದರ ರುಚಿ ಗೊತ್ತು. ಮೊದಲು ಹೆಸರು ಕೇಳ್ತಾರೆ. ಹೆಸರಿನಲ್ಲಿ ಏನೂ ಸಿಗದಿದ್ದರೆ ಊರು ಕೇಳ್ತಾರೆ. ಊರು ಹೇಳಿದರೆ ‘ಊರೊಳಗಾ, ಪಕ್ಕದಲ್ಲಾ?’ ಅಂತಾರೆ. ಆಮೇಲೆ ‘ಮಾಂಸ ಗೀಂಸ ತಿಂತೀರಾ?’ ಕೊನೆಗೆ ತಡೆಯಲಾರದೆ ‘ಬೇಜಾರು ಮಾಡ್ಕೋಬೇಡಿ, ಯಾವ ಜನಾಂಗ?’

ಈ ಪ್ರಶ್ನೆಯನ್ನು ಬಿಟ್ಟು ನಮ್ಮ ಜನಾಂಗ, ನಾಡು, ಕುಲಮೂಲಗಳ ಬಗ್ಗೆ ಬರೆಯಲು ಕೂತರೆ ಬರೆದದ್ದೆಲ್ಲ ಬರೀ ಹಾಡಾಗುತ್ತದೆ. ಕನ್ನಡದಲ್ಲಿ ಅಂಥ ಹಾಡುಗಳಿಗೆ ಬರವಿಲ್ಲ. ನಾಡು ನುಡಿಯ ಹೆಸರಿನಲ್ಲಿ ಅವರು ಹಾಡಿದ್ದಾರೆ, ಮೂಲನಿವಾಸಿಯ ಹೆಸರಿನಲ್ಲಿ ನಮ್ಮವರು ಹಾಡುತ್ತಿದ್ದಾರೆ. ಎರಡನ್ನೂ ಕೊಂಚ ನಿಷ್ಠುರವಾಗಿ ನೋಡಬೇಕು ಎನ್ನುವುದೇ ಈ ಬರಹದ ಉದ್ದೇಶ.

ಮೊದಲು ನಮಗಿಟ್ಟ ಹೆಸರಿನ ಕತೆ. ನಮ್ಮ ಜನರ ಬಹುಪಾಲು ಜಾತಿ ಪ್ರಮಾಣಪತ್ರಗಳಲ್ಲಿ ‘ಆದಿ ಕರ್ನಾಟಕ’ ಎಂದಿರುತ್ತದೆ. ಕಚೇರಿಯ ಗುಮಾಸ್ತರ ಬಾಯಲ್ಲಿ ಇದು ‘ಎಕೆ’. 1920ರ ದಶಕದಲ್ಲಿ ಮೈಸೂರು ಸಂಸ್ಥಾನ ‘ಪಂಚಮ’ ಎಂಬ ಪದವನ್ನು ಕೈಬಿಟ್ಟು ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳನ್ನು ಬಳಕೆಗೆ ತಂದಿತು. ಅದು ಒಂದು ಗಾಳಿ ಬೀಸುತ್ತಿದ್ದ ಕಾಲ. 1917ರಲ್ಲೇ ಭಾಗ್ಯರೆಡ್ಡಿ ವರ್ಮ ಅವರು ಬೆಜವಾಡದಲ್ಲಿ ಆದಿ ಆಂಧ್ರರ ಸಮ್ಮೇಳನ ನಡೆಸಿದ್ದರು. ಮದರಾಸಿನಲ್ಲಿ ಎಂ.ಸಿ. ರಾಜಾ ಅವರು ಪರೆಯ, ಪಂಚಮ ಎಂಬ ಪದಗಳನ್ನು ಸರ್ಕಾರಿ ಕಾಗದಗಳಿಂದ ಕಿತ್ತುಹಾಕಲು ಹೋರಾಡಿ ಆದಿ ದ್ರಾವಿಡ ಎಂಬ ಹೆಸರನ್ನು ತಂದರು. ಪಂಜಾಬಿನಲ್ಲಿ ಮಂಗೂರಾಮರು 1926ರಲ್ಲಿ ಆದ್ ಧರ್ಮ ಚಳವಳಿ ಕಟ್ಟಿದರು. 1931ರ ಜನಗಣತಿಯಲ್ಲಿ ಅದು ಪ್ರತ್ಯೇಕ ಧರ್ಮವಾಗಿಯೇ ದಾಖಲಾಯಿತು. ಬೈಗುಳವನ್ನೇ ಹೆಸರಾಗಿ ಹೊತ್ತು ತಿರುಗಿದ ಜನರಿಗೆ ‘ನಾವೇ ಮೊದಲಿನವರು’ ಎಂಬ ಮಾತು ಎಷ್ಟು ದೊಡ್ಡ ಉಸಿರು ಕೊಟ್ಟಿರಬೇಕು ಎಂದು ಊಹಿಸಬಹುದು. ಅದನ್ನು ಹಗುರ ಮಾಡುವ ಹಕ್ಕು ಇಂದು ಯಾರಿಗೂ ಇಲ್ಲ.

ಆದರೆ ಒಂದು ತಮಾಷೆ ನೋಡಿ. ಮೈಸೂರು ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ನಮಗೆ ಆ ಹೆಸರು ಬಂದು ಆಗಲೇ ಐವತ್ತು ವರ್ಷದ ಹತ್ತಿರ ಆಗಿತ್ತು. ಅಂದರೆ ರಾಜ್ಯ ಕರ್ನಾಟಕವಾಗುವ ಮೊದಲೇ ನಾವು ಕರ್ನಾಟಕ! ಅದೂ ಆದಿ! ಇಷ್ಟು ಹಳೆಯ ಕರ್ನಾಟಕದವರನ್ನು ಹೊಸ ಕರ್ನಾಟಕ ಹೇಗೆ ಬರಮಾಡಿಕೊಂಡಿತು? ಅದೇ ನವೆಂಬರ್ ತಿಂಗಳಲ್ಲಿ, ಅದೇ ಮೈಸೂರಿನಲ್ಲಿ, ದೇವರಾಜ ಅರಸರ ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದರು. ನಾಮಫಲಕದ ಬಣ್ಣ ಇನ್ನೂ ಒಣಗಿರಲಿಲ್ಲ. ಬೀದಿಗಳು ಹೊತ್ತಿ ಉರಿದವು. ದಲಿತ ಹುಡುಗರು ಹಾಸ್ಟೆಲುಗಳಲ್ಲಿ, ಕಾಲೇಜುಗಳಲ್ಲಿ ಏಟು ತಿಂದರು. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಒಬ್ಬ ಆದಿ ಕರ್ನಾಟಕನಿಗೆ ಕನ್ನಡ ಸಾಹಿತ್ಯವನ್ನು ಟೀಕಿಸುವ ಅಧಿಕಾರವಿಲ್ಲ ಎಂದು ಕರ್ನಾಟಕ ಹೇಳಿದ್ದು ಹೀಗೆ. ಕನ್ನಡವನ್ನು ಅದಕ್ಕಿಂತ ಕಟುವಾಗಿ ಬೈದ ಕನ್ನಡದ ಪಂಡಿತರು ಇದ್ದರು. ಅವರು ಸನ್ಮಾನದ ಶಾಲು ಹೊದ್ದುಕೊಂಡೇ ಮನೆಗೆ ಹೋದರು. ಮನೆಯವನು ಮನೆಯನ್ನು ಬೈಯಬಹುದು, ಜೀತದಾಳು ಬೈಯಬಾರದು. ವಿಷಯ ಇಷ್ಟೇ. 2023ರಲ್ಲಿ ಸರ್ಕಾರ ‘ಕರ್ನಾಟಕ ಸಂಭ್ರಮ 50’ ಎಂದು ಊರೂರಲ್ಲಿ ಕಮಾನು ಕಟ್ಟಿತು. ಬೂಸಾ ಗಲಾಟೆಗೂ ಅದೇ ತಿಂಗಳು ಐವತ್ತು ತುಂಬಿತ್ತು.

ನಾಡು ನುಡಿಯ ಕಾವ್ಯಕ್ಕೆ ಬರೋಣ. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂದದ್ದು 1917ರಲ್ಲಿ. ಹಲವು ಆಡಳಿತಗಳಿಗೆ ಹಂಚಿಹೋಗಿದ್ದ ಕನ್ನಡಿಗರಿಗೆ ಆ ಪುಸ್ತಕ ಬೆನ್ನುಮೂಳೆ ಕೊಟ್ಟಿತು. ಹೈದರಾಬಾದು ಸೀಮೆಯಲ್ಲಿ, ಮುಂಬಯಿ ಸೀಮೆಯಲ್ಲಿ ಕನ್ನಡ ಎನ್ನುವುದೇ ಕೀಳು ಎನಿಸಿಕೊಂಡಿದ್ದ ಕಾಲ ಅದು. ಆ ಸಂಕಟ ನಿಜ. ಆದರೆ ಅಂದಿನಿಂದ ನಮ್ಮ ನಾಡಿನ ಕವಿಗಳು ಕಟ್ಟಿದ ಕರ್ನಾಟಕ ಯಾವುದು? ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರದವರು. ಆನೆ, ಕುದುರೆ, ಶಾಸನ, ಗುಡಿ ಗೋಪುರ. ಕಾವೇರಿಯಿಂದ ಗೋದಾವರಿಯವರೆಗೆ ಎಂದು ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ನಾಡಿನ ಎಲ್ಲೆ ಹೇಳಿದ್ದನ್ನು ಪ್ರತಿ ರಾಜ್ಯೋತ್ಸವದಲ್ಲೂ ಕೇಳುತ್ತೇವೆ. ಎಲ್ಲೆ ಎಂದರೆ ನಮಗೆ ನೆನಪಾಗುವುದು ಇನ್ನೊಂದು ಎಲ್ಲೆ. ಊರು ಎಲ್ಲಿ ಮುಗಿಯುತ್ತದೆ, ಕೇರಿ ಎಲ್ಲಿ ಶುರುವಾಗುತ್ತದೆ ಎಂಬ ಎಲ್ಲೆ. ಅದನ್ನು ಯಾವ ಶಾಸನದಲ್ಲೂ ಕೊರೆದಿರುವುದಿಲ್ಲ. ಮೂರು ವರ್ಷದ ಮಗುವಿಗೂ ಅದು ಗೊತ್ತು.

ಕನ್ನಡದ ‘ಊರು’ ಎಂಬ ಪದವನ್ನೇ ಗಮನಿಸಿ. ನಮ್ಮ ಅವ್ವ ‘ಊರೊಳಕ್ಕೆ ಹೋಗ್ಬುಟ್ ಬತ್ತೀನಿ’ ಅಂತಾಳೆ. ಅವಳು ಹುಟ್ಟಿದ್ದು ಅಲ್ಲೇ, ಮದುವೆಯಾದದ್ದು ಅಲ್ಲೇ ಪಕ್ಕದಲ್ಲಿ, ವೋಟು ಹಾಕುವುದು ಅದೇ ಊರಿನ ಶಾಲೆಯಲ್ಲಿ. ಆದರೂ ಅವಳ ಬಾಯಲ್ಲಿ ಊರು ಎಂದರೆ ತಾನಿಲ್ಲದ ಜಾಗ. ಊರುಗಳು ಕೂಡಿದರೆ ನಾಡು. ಊರೊಳಗಿಲ್ಲದವಳು ನಾಡೊಳಗೆ ಹೇಗೆ ಬಂದಾಳು? ಸಿದ್ಧಲಿಂಗಯ್ಯನವರು ಆತ್ಮಕತೆಗೆ ‘ಊರುಕೇರಿ’ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಎರಡು ಪದಗಳನ್ನು ಒಟ್ಟಿಗೆ ಅಂಟಿಸಿದರೂ ನಡುವಿನ ಬೇಲಿ ಕಾಣುವಂತೆಯೇ ಇದೆ ಆ ಹೆಸರು.

ಕುವೆಂಪು ಅವರನ್ನು ನಾವು ಈ ಸಾಲಿನಿಂದ ಬೇರೆಯಾಗಿಯೇ ಓದಬೇಕು. 1928ರ ‘ಜಲಗಾರ’ದಲ್ಲಿ ಶಿವನನ್ನೇ ಕಸಗುಡಿಸುವವನ ವೇಷದಲ್ಲಿ ಬೀದಿಗಿಳಿಸಿದ ಕವಿ ಅವರು. ಅವರ ನಾಡಗೀತೆ 2004ರಲ್ಲಿ ಸರ್ಕಾರದ ಅಧಿಕೃತ ಗೀತೆಯಾಯಿತು. ಅದರಲ್ಲೂ ‘ಜನಾಂಗ’ ಎಂಬ ಪದ ಬರುತ್ತದೆ. ಎಲ್ಲ ಜನಾಂಗದವರೂ ನೆಮ್ಮದಿಯಾಗಿ ಬಾಳುವ ಹೂದೋಟದ ಚಿತ್ರ ಅದು. ನಾಡೆಂದರೆ ರಕ್ತ ಎನ್ನುವವರ ಮುಂದೆ ಹಿಡಿಯಬೇಕಾದ ದೊಡ್ಡ ಕಲ್ಪನೆ, ಅನುಮಾನವಿಲ್ಲ. ಆದರೆ ಆ ಗೀತೆಯಲ್ಲಿ ಧರ್ಮಗಳ ಹೆಸರಿದೆ, ಮತಾಚಾರ್ಯರ ಹೆಸರಿದೆ, ಅರಸರ ಹೆಸರಿದೆ. ತೋಟ ಎಂದಮೇಲೆ ಪಾತಿ ಮಾಡಿದವರು ಯಾರು, ನೀರು ಕಟ್ಟಿದವರು ಯಾರು, ತೋಟದೊಳಕ್ಕೆ ಬರಬೇಡ ಅನ್ನಿಸಿಕೊಂಡವರು ಯಾರು ಎಂದು ಕೇಳುವ ಹುಡುಗನೊಬ್ಬ ತರಗತಿಯ ಕೊನೆಯ ಬೆಂಚಿನಲ್ಲಿ ಇದ್ದೇ ಇರುತ್ತಾನೆ. ಹಳ್ಳಿಯ ಮೇಷ್ಟ್ರುಗಳು ಅವನ ಬಾಯಿ ಮುಚ್ಚಿಸಬಾರದು. ಕುವೆಂಪು ಅವರೇ ಇದ್ದಿದ್ದರೆ ಮುಚ್ಚಿಸುತ್ತಿರಲಿಲ್ಲ.

ಒಂದು ತಾಲ್ಲೂಕು ಕೇಂದ್ರದ ರಾಜ್ಯೋತ್ಸವ ಕವಿಗೋಷ್ಠಿಗೆ ನಮ್ಮನ್ನು ಕರೆದಿದ್ದರು. ಗೊಬ್ಬರದ ಗಾಡಿ ಹೊಡೆಯುವ ಅಜ್ಜನ ಮೇಲೆ, ಅವನ ಮಾತಿನಲ್ಲೇ ಕಟ್ಟಿದ ಕವಿತೆ ಓದಿದೆವು. ಅಧ್ಯಕ್ಷತೆ ವಹಿಸಿದ್ದ ಹಿರಿಯರು ಪ್ರೀತಿಯಿಂದಲೇ ಅಂದರು: ‘ದಲಿತ ಕವಿತೆ ಚೆನ್ನಾಗೈತೆ. ಕನ್ನಡದ ಮೇಲೂ ಒಂದು ಬರೀಬೇಕಿತ್ತು.’ ಕನ್ನಡದಲ್ಲಿ ಬರೆದ, ಕನ್ನಡ ಬಿಟ್ಟು ಇನ್ನೊಂದು ಭಾಷೆ ಬಾರದ ಅಜ್ಜನ ಕವಿತೆ ಕನ್ನಡದ ಮೇಲಿನ ಕವಿತೆ ಆಗಲಿಲ್ಲ. ಭುವನೇಶ್ವರಿಗೆ ಆರತಿ ಎತ್ತಿದ್ದರೆ ಆಗುತ್ತಿತ್ತು. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ ಇದನ್ನು ಕನ್ನಡಕ್ಕೆ ಅನುವಾದಿಸಬೇಕು ಎಂಬ ಕುಹಕ ಕೇಳಿಬಂದಿತ್ತಲ್ಲ, ಇದು ಅದರ ಮೊಮ್ಮಗ. ನಂಜನಗೂಡು ಸೀಮೆಯ ಕೇರಿಗಳಲ್ಲಿ ನೂರಾರು ವರ್ಷ ಬಾಯಿಂದ ಬಾಯಿಗೆ ಬಂದ ಮಾತು ಕನ್ನಡವಲ್ಲವಂತೆ. ಸಂಸ್ಕೃತದ ಪದಗಳನ್ನು ಸಾಲಾಗಿ ನಿಲ್ಲಿಸಿ ಕೊನೆಗೊಂದು ಕನ್ನಡ ಕ್ರಿಯಾಪದ ಕಟ್ಟಿದ್ದು ಅಚ್ಚಕನ್ನಡವಂತೆ.

ಇದಕ್ಕೆ ಪ್ರತಿಯಾಗಿ ನಮ್ಮ ಸಾಲಿನ ಕವಿಗಳು ಏನು ಬರೆಯುತ್ತಿದ್ದಾರೆ? ಬರುವ ಕವಿತೆಗಳಲ್ಲಿ ಮೂರಕ್ಕೊಂದು ‘ಮೂಲನಿವಾಸಿ’ ಕವಿತೆ. ಆರ್ಯರು ಬಂದರು, ನಮ್ಮ ನೆಲ ಕಿತ್ತುಕೊಂಡರು, ನಾವು ಕಪ್ಪು ಜನ, ಈ ಮಣ್ಣಿನ ಬಣ್ಣದವರು. ಇದರ ಹಿಂದೆ ದೊಡ್ಡ ಪರಂಪರೆಯೇ ಇದೆ. ಜೋತಿಬಾ ಫುಲೆಯವರು 1873ರ ‘ಗುಲಾಮಗಿರಿ’ಯಲ್ಲಿ ಬಲಿ ಮತ್ತು ವಾಮನರ ಕತೆಯನ್ನು ಹೊರಗಿನಿಂದ ಬಂದ ಆರ್ಯರು ಇಲ್ಲಿನವರನ್ನು ಗೆದ್ದ ಕತೆಯಾಗಿ ಓದಿದರು. ಪುರಾಣವನ್ನು ತಲೆಕೆಳಗು ಮಾಡಿ ಓದಲು ಕಲಿಸಿದ ಆ ಧೈರ್ಯಕ್ಕೆ ಶರಣು. ಆದರೆ ಫುಲೆಯವರ ಕೈಗೆ ಸಿಕ್ಕ ಆ ಆರ್ಯ ಸಿದ್ಧಾಂತ ಯುರೋಪಿನ ಪಂಡಿತರು ಕಟ್ಟಿದ್ದು. ಅದರ ಬೆನ್ನಿಗೇ ಬಂದವನು ರಿಸ್ಲಿ ಎಂಬ ಇಂಗ್ಲಿಷ್ ಅಧಿಕಾರಿ. ಅವನು ಜನರ ಮೂಗು ಅಳೆಸಿದ. ಮೂಗು ಅಗಲವಾದಷ್ಟೂ ಜಾತಿ ಕೀಳು ಎಂದ. 1901ರ ಜನಗಣತಿಯ ಮುಖ್ಯಸ್ಥನೂ ಅವನೇ.

ಈ ಮೂಗಿನ ಶಾಸ್ತ್ರವನ್ನು ಮೂಗು ಹಿಡಿದೇ ಬೀಳಿಸಿದವರು ಬಾಬಾಸಾಹೇಬರು. 1948ರಲ್ಲಿ ಬಂದ ಅಸ್ಪೃಶ್ಯರ ಕುರಿತ ಗ್ರಂಥದಲ್ಲಿ ಅವರು ಅದೇ ಅಳತೆಗಳನ್ನು ಮುಂದಿಟ್ಟುಕೊಂಡು ವಾದ ಮಾಡಿದರು: ಈ ಅಳತೆಗೆ ಏನಾದರೂ ಬೆಲೆ ಇದೆ ಎನ್ನುವುದಾದರೆ ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಜನಾಂಗದವರು ಎಂದೇ ಅದು ಸಾಬೀತು ಮಾಡುತ್ತದೆ, ಬ್ರಾಹ್ಮಣ ಆರ್ಯನಾದರೆ ಅಸ್ಪೃಶ್ಯನೂ ಆರ್ಯ, ಅವನು ದ್ರಾವಿಡನಾದರೆ ಇವನೂ ದ್ರಾವಿಡ. ಹನ್ನೆರಡು ವರ್ಷ ಮೊದಲು, 1936ರ ‘ಜಾತಿ ವಿನಾಶ’ದಲ್ಲೂ ಇದನ್ನೇ ಹೇಳಿದ್ದರು: ಪಂಜಾಬಿನ ಬ್ರಾಹ್ಮಣನಿಗೂ ಪಂಜಾಬಿನ ಚಮ್ಮಾರನಿಗೂ ಜನಾಂಗದ ಭೇದವಿಲ್ಲ. ಅದಕ್ಕೂ ಹಿಂದೆ, 1916ರಲ್ಲಿ, ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಜಾತಿಯ ಗುಟ್ಟು ಇರುವುದು ಒಳಗೊಳಗೇ ಮದುವೆಯಾಗುವುದರಲ್ಲಿ ಎಂದು ತೋರಿಸಿದ್ದರು. ಆಗ ಅವರಿಗಿನ್ನೂ ಇಪ್ಪತ್ತೈದು ವರ್ಷ. ಈ ಪತ್ರಿಕೆ ಓದುವ ಎಷ್ಟೋ ಹುಡುಗರ ವಯಸ್ಸು. ಸುಮಾರು ನೂರು ವರ್ಷದ ಮೇಲೆ, 2013ರಲ್ಲಿ, ಹಾರ್ವರ್ಡ್ ಮತ್ತು ಹೈದರಾಬಾದಿನ ವಿಜ್ಞಾನಿಗಳು ಇಲ್ಲಿನ ಜನರ ವಂಶವಾಹಿಗಳನ್ನು ಪರೀಕ್ಷಿಸಿ ಬರೆದದ್ದು ಇದಕ್ಕೆ ಹತ್ತಿರ ಬಂದು ನಿಲ್ಲುತ್ತದೆ: ಸುಮಾರು 4200ರಿಂದ 1900 ವರ್ಷಗಳ ಹಿಂದಿನವರೆಗೆ ಇಲ್ಲಿನ ಜನ ಚೆನ್ನಾಗಿ ಬೆರೆತರು, ಆಮೇಲೆ ಬೆರೆಯುವುದು ನಿಂತಿತು. ಪಾಲು ಹೆಚ್ಚುಕಡಿಮೆ ಇರಬಹುದು, ಬೆರಕೆಯಾಗದವರು ಇಲ್ಲವೆನ್ನುವಷ್ಟು ಕಡಿಮೆ. ಬೆರೆತವರನ್ನು ಬೇಲಿ ಹಾಕಿ ಬೇರೆ ಮಾಡಿದ್ದೇ ಜಾತಿ.

ಹಾಗಾದರೆ ನಾವು ಕಪ್ಪು ಜನ ಎಂದು ಹಾಡುವುದರಲ್ಲಿ ತಪ್ಪೇನು? ನಮ್ಮ ಕೇರಿಯಲ್ಲಿ ಕಪ್ಪಗಿರುವವರಿದ್ದಾರೆ, ಗೋಧಿ ಬಣ್ಣದವರಿದ್ದಾರೆ, ಬೆಳ್ಳಗಿರುವವರೂ ಇದ್ದಾರೆ. ನಮ್ಮನ್ನು ಜಗಲಿ ಹತ್ತಿಸದ ಯಜಮಾನರು ಇದ್ದಿಲಿನಂತೆ ಕಪ್ಪಗಿದ್ದರು. ಅಮೆರಿಕದ ಕರಿಯನನ್ನು ಯಾರೂ ‘ನೀನು ಯಾವ ಜನಾಂಗ?’ ಎಂದು ಕೇಳಬೇಕಿಲ್ಲ. ಬೀದಿಯ ಆ ತುದಿಯಿಂದಲೇ ಪೊಲೀಸಿನವನಿಗೆ ಗೊತ್ತಾಗುತ್ತದೆ. ನಮ್ಮಲ್ಲಿ ಮುಖ ನೋಡಿ ಗೊತ್ತಾಗುವುದಿಲ್ಲ. ಗೊತ್ತಾಗದೆ ಇರುವುದಕ್ಕೇ ಕೇಳ್ತಾರೆ. ಹೆಸರು, ಊರು, ಬೀದಿ, ಊಟ, ಅಪ್ಪನ ಕಸುಬು, ಮನೆದೇವರು, ಇವೆಲ್ಲ ಮೈಮೇಲೆ ಕಾಣದ್ದನ್ನು ಬಾಯಿ ಬಿಡಿಸುವ ಉಪಾಯಗಳು. ಇಲ್ಲಿ ನಮ್ಮ ಗುರುತು ನಮ್ಮ ಚರ್ಮದಲ್ಲಿ ಇಲ್ಲ, ಕೇಳುವವನ ನಾಲಿಗೆಯಲ್ಲಿದೆ. ಚರ್ಮವೇ ಗುರುತು ಎಂದು ಹಾಡುವ ಕವಿತೆ ಈ ಕೇಳುವವನನ್ನು ಬಚಾವ್ ಮಾಡಿಬಿಡುತ್ತದೆ. ಬೇಲಿ ಯಾರೂ ಹಾಕಿದ್ದಲ್ಲ, ಪ್ರಕೃತಿಯೇ ಹಾಕಿದ್ದು ಎಂದು ಒಪ್ಪಿಕೊಂಡಂತೆ ಆಗುತ್ತದೆ. ಮನು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ಕರಿಯರ ಹೋರಾಟದ ಜೊತೆ ನಮ್ಮ ನಂಟು ಇಲ್ಲವೆಂದಲ್ಲ. ಫುಲೆಯವರು ‘ಗುಲಾಮಗಿರಿ’ಯನ್ನು ಅರ್ಪಿಸಿದ್ದೇ ನೀಗ್ರೋ ಗುಲಾಮಗಿರಿ ತೊಡೆಯಲು ದುಡಿದ ಅಮೆರಿಕದ ಜನರಿಗೆ. 1946ರಲ್ಲಿ ಬಾಬಾಸಾಹೇಬರು ಡುಬೋಯ್ಸ್ ಅವರಿಗೆ ಪತ್ರ ಬರೆದು, ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬಯಿಯ ಹುಡುಗರು ತಮ್ಮನ್ನು ದಲಿತ ಪ್ಯಾಂಥರ್ ಎಂದು ಕರೆದುಕೊಂಡರು. ಇದು ನೋವಿನ ನಂಟು, ಹೋರಾಟದ ನಂಟು. ರಕ್ತದ ನಂಟು ಆಗಬೇಕಿಲ್ಲ. ಆದರೆ ಈ ಮಾತನ್ನು ನಾವು ಹೇಳುವುದಕ್ಕೂ ಸರ್ಕಾರ ಹೇಳುವುದಕ್ಕೂ ಅಜಗಜಾಂತರ. 2001ರಲ್ಲಿ ಡರ್ಬನ್ನಿನಲ್ಲಿ ಜನಾಂಗದ್ವೇಷದ ವಿರುದ್ಧ ವಿಶ್ವ ಸಮ್ಮೇಳನ ನಡೆದಾಗ ಭಾರತ ಸರ್ಕಾರ ಜಾತಿ ಬೇರೆ ಜನಾಂಗ ಬೇರೆ, ಇದು ನಮ್ಮ ಮನೆಯ ವಿಷಯ ಎಂದು ಬಾಗಿಲು ಹಾಕಿಕೊಂಡಿತು. ಜಾತಿ ಜನಾಂಗವಲ್ಲ ಎಂದು ಬಾಬಾಸಾಹೇಬರು ಹೇಳಿದ್ದು ಜಾತಿಯನ್ನು ಒಡೆಯಲು. ಇವರು ಹೇಳಿದ್ದು ಮುಚ್ಚಿಡಲು. ಮರುವರ್ಷವೇ, 2002ರಲ್ಲಿ, ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿರ್ಮೂಲನಾ ಸಮಿತಿ ಹುಟ್ಟಿನ ಮೇಲಿನ ತಾರತಮ್ಯದಲ್ಲಿ ಜಾತಿಯೂ ಸೇರುತ್ತದೆ ಎಂದು ಸ್ಪಷ್ಟಪಡಿಸಿತು. ಮನೆಯ ವಿಷಯ ಮನೆಯಲ್ಲೇನೂ ಉಳಿಯಲಿಲ್ಲ. ಕೇಳುವ ನಾಲಿಗೆ ವಿಮಾನ ಹತ್ತಿ ಹೋಯಿತು. 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಬೇಕಾಗಿ ಬಂತು.

‘ಆದಿ’ಯ ಹಾಡಿನಲ್ಲಿ ಇನ್ನೂ ಒಂದು ಅಪಾಯ ಇದೆ. ಮೊದಲು ಬಂದವನೇ ಹಕ್ಕುದಾರ ಎಂದಾದರೆ ಕೋಲಾರದ ಚಿನ್ನದ ಗಣಿಗೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಉತ್ತರ ಆರ್ಕಾಟಿನಿಂದ ಬಂದ ತಮಿಳು ಅಸ್ಪೃಶ್ಯರು ಎಲ್ಲಿಗೆ ಹೋಗಬೇಕು? ಭೂಮಿಯ ಹೊಟ್ಟೆಯೊಳಗೆ ಇಳಿದು ಈ ನಾಡಿಗೆ ಚಿನ್ನ ಎತ್ತಿಕೊಟ್ಟವರು ಅವರು. 2001ರಲ್ಲಿ ಗಣಿ ಮುಚ್ಚಿತು. ಅವರ ಮರಿಮಕ್ಕಳು ಇಂದು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಬರುತ್ತಾರೆ. ಅವರ ಕಾಗದದಲ್ಲಿ ಆದಿ ದ್ರಾವಿಡ, ನಮ್ಮದರಲ್ಲಿ ಆದಿ ಕರ್ನಾಟಕ. ಒಂದೇ ಬಾವಿಯ ಹೊರಗೆ ನಿಲ್ಲಿಸಿದವರನ್ನು ಎರಡು ‘ಆದಿ’ ಮಾಡಿ ಕೂರಿಸಿದ್ದಾರೆ. ಮೂಲ ಕೇಳುವವರ ಕೈಗೆ ಕೋಲು ಕೊಟ್ಟರೆ ಅದು ಮೊದಲು ಬೀಳುವುದು ಕಾಗದವಿಲ್ಲದವರ ಬೆನ್ನ ಮೇಲೆ. ನಮ್ಮ ಅಪ್ಪಂದಿರಿಗೆ ಹುಟ್ಟಿದ ದಿನವೇ ಇಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡದ್ದೇ ಎಷ್ಟೋ ಜನರ ಜಾತಕ. ಇಂಥವರು ಮೂಲದ ಪಂದ್ಯಕ್ಕೆ ಇಳಿಯುವುದೆ?

ಇನ್ನು ಒಂದೇ ನೆಲ, ಒಂದೇ ನುಡಿ ಎಂಬ ಬಾಂಧವ್ಯದ ಮಾತು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸುಟ್ಟವರೂ ಬೆಂದವರೂ ಒಂದೇ ನೆಲದವರು. 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಇದರ ಬಗ್ಗೆ ಇನ್ನೇನು ಬರೆಯುವುದು.

ಕೃತಿಗಳನ್ನು ಓದುವಾಗ ನಾವು ಒಂದು ಪ್ರಶ್ನೆ ಹಾಕಿಕೊಳ್ಳುತ್ತೇವೆ: ಇದು ಉತ್ತರವನ್ನು ಹಾಡುತ್ತಿದೆಯೋ, ಕೇಳುವವನನ್ನು ತಿರುಗಿ ನೋಡುತ್ತಿದೆಯೋ? ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ತಿರುಗಿ ನೋಡುವ ಪುಸ್ತಕ. ಮೀಸಲಾತಿ ಪಡೆದವರ ಮೇಲೆ ಎಸೆಯುವ ಕುಹಕದ ಹೆಸರನ್ನು ಅವರು ಎತ್ತಿ ತಮ್ಮ ಪುಸ್ತಕದ ಹಣೆಗೇ ಅಂಟಿಸಿದರು. ಎಸೆದವನಿಗೆ ಈಗ ಅದನ್ನು ಓದುವಾಗ ಮುಜುಗರ. ‘ಒಡಲಾಳ’ದ ಸಾಕವ್ವನ ಮನೆಯಲ್ಲಿ ಯಾರೂ ನಾವು ಯಾರು ಎಂದು ಭಾಷಣ ಮಾಡುವುದಿಲ್ಲ. ಕದ್ದು ತಂದ ಕಡಲೇಕಾಯಿಯ ಸುತ್ತ ಮನೆಮಂದಿಯೆಲ್ಲ ರಾತ್ರಿ ಕೂತು ತಿನ್ನುತ್ತಾರೆ, ನಗುತ್ತಾರೆ, ಜಗಳ ಆಡುತ್ತಾರೆ. ಪೊಲೀಸರು ಹುಡುಕಿಕೊಂಡು ಬರುತ್ತಾರೆ. ಆ ಹಸಿವು, ಆ ನಗು, ಆ ಪೊಲೀಸು, ಇದಕ್ಕಿಂತ ಗಟ್ಟಿಯಾದ ಗುರುತು ಇನ್ನೊಂದು ಬೇಕೆ? ‘ಕುಸುಮಬಾಲೆ’ಯಲ್ಲಿ ಮೇಲುಜಾತಿಯ ಕುಸುಮ, ಕೇರಿಯ ಚೆನ್ನ ಒಬ್ಬರನ್ನೊಬ್ಬರು ಬಯಸುತ್ತಾರೆ, ಚೆನ್ನ ಕೊಲೆಯಾಗುತ್ತಾನೆ. ಬಾಬಾಸಾಹೇಬರು ಪ್ರಬಂಧದಲ್ಲಿ ಹೇಳಿದ ಬೇಲಿ ಇದೇ. ಅದನ್ನು ದಾಟಿದವನ ಹೆಣ ಬೀಳುವ ಜಾಗವನ್ನು ಮಹಾದೇವ ತೋರಿಸಿದರು. ಇವುಗಳ ಎದುರಿಗೆ ಮೂಲನಿವಾಸಿ ಕವಿತೆಗಳನ್ನು ಇಟ್ಟು ನೋಡಿ. ಗಂಟಲು ದೊಡ್ಡದು, ಒಂದು ಮನೆ, ಒಂದು ಒಲೆ, ಒಬ್ಬ ಅವ್ವ ಕಾಣುವುದಿಲ್ಲ.

ಕೊನೆಗೆ ನಮ್ಮೊಳಗಿನ ವಿಷಯ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ಬಿಟ್ಟಿತು. ಮಾದಿಗ ಸೋದರರು ದಶಕಗಳ ಕಾಲ ಬೀದಿಯಲ್ಲಿ ಕೂತು ಗೆದ್ದ ನ್ಯಾಯ ಅದು. 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ಪರವಾಗಿ ಮೇಷ್ಟ್ರುಗಳು ಮನೆಮನೆಗೆ ಬಂದರು. 101 ಜಾತಿಗಳಲ್ಲಿ ನೀವು ಯಾವುದು? ಆದಿ ಕರ್ನಾಟಕ ಅಂದರೆ ಸಾಲದು. ಏಕೆಂದರೆ ಒಂದು ಜಿಲ್ಲೆಯಲ್ಲಿ ಹೊಲೆಯರು ಆದಿ ಕರ್ನಾಟಕ, ಇನ್ನೊಂದರಲ್ಲಿ ಮಾದಿಗರು. ನೂರು ವರ್ಷ ಹೊತ್ತ ಗೌರವದ ಹೆಸರಿನಲ್ಲಿ ಯಾರ ಪಾಲು ಎಷ್ಟು ಎಂದೇ ತಿಳಿಯುವಂತಿರಲಿಲ್ಲ. ನಮ್ಮ ಕೇರಿಯಲ್ಲಿ ಒಬ್ಬ ಅಜ್ಜಿ ಮೇಷ್ಟ್ರಿಗೆ ‘ನಿಮ್ದು ಯಾವ್ದು ಸಾ, ಮೊದ್ಲು ನೀವ್ ಯೋಳಿ’ ಅಂದಳು. ಅವರು ನಕ್ಕು ಹೇಳಿದರು, ಇವಳೂ ಹೇಳಿದಳು, ಬರೆದುಕೊಂಡು ಹೋದರು. ಈ ಕೇಳುವುದು ಬೇರೆ: ಪಾಲು ಹಂಚಲು ಕೇಳುವುದು. ಹಳ್ಳಿಯಲ್ಲಿ ಜನ ಹೇಳಿದರು. ಪೇಟೆಗಳಲ್ಲಿ ಮಾತ್ರ ಎಷ್ಟೋ ಬಾಗಿಲುಗಳು ತೆರೆಯಲಿಲ್ಲ. ಪಕ್ಕದ ಮನೆಯವರಿಗೆ ಗೊತ್ತಾದೀತು, ಬಾಡಿಗೆ ಮನೆ ಬಿಡಿಸಿಯಾರು ಎಂದು. ಲಕ್ಷಗಟ್ಟಲೆ ಜನ ಬರೀ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂದಷ್ಟೇ ಬರೆಸಿ ಉಳಿದರು. ಆಗಸ್ಟಿನಲ್ಲಿ ಆಯೋಗ ವರದಿ ಕೊಟ್ಟಾಗ ಇವರಿಗಾಗಿಯೇ ಒಂದು ಬೇರೆ ಗುಂಪು ಮಾಡಿ ಶೇಕಡಾ 1 ಇಡಬೇಕೆಂದಿತು. ಅದೇ ತಿಂಗಳು ಸರ್ಕಾರ ಆ ಗುಂಪನ್ನು ಕೈಬಿಟ್ಟಿತು.

ಬಾಗಿಲು ತೆರೆಯದ ಆ ಮನೆಗಳ ಒಳಗೆ ಏನು ನಡೆಯುತ್ತಿದೆ, ನಮಗೆ ಓದಬೇಕೆನಿಸಿರುವುದು ಅದನ್ನು. ಊರಿಂದ ಬಂದ ಅವ್ವನ ಮಾತು ಪಕ್ಕದ ಮನೆಗೆ ಕೇಳದಂತೆ ಟೀವಿ ಜೋರು ಮಾಡುವ ಮಗ, ಭಾನುವಾರ ಬಾಡು ಬೇಯಿಸುವಾಗ ಕಿಟಕಿ ಹಾಕುವ ಸೊಸೆ, ಅಪ್ಪನ ಊರಿನ ಹೆಸರನ್ನು ಶಾಲೆಯಲ್ಲಿ ಬೇರೆ ಹೇಳಿ ಬರುವ ಮೊಮ್ಮಗಳು. ಮೂಲನಿವಾಸಿ ಕವಿತೆಗಳು ನಮ್ಮ ಬಳಿ ಕಟ್ಟುಕಟ್ಟಾಗಿ ಬಿದ್ದಿವೆ. ಈ ಮನೆಗಳ ಕತೆ ಬರೆದಿರುವ ಗೆಳೆಯರು, ಮುಖ್ಯವಾಗಿ ಗೆಳತಿಯರು, ಪತ್ರಿಕೆಗೆ ಕಳಿಸಿ. ಊರಿನ ಮಾತಿನಲ್ಲೇ ಇರಲಿ, ತಿದ್ದಲು ಹೋಗುವುದಿಲ್ಲ.